ಎಡತುದಿಯ ಕುರುಡು ಕಿಟಕಿ

ಎನಿಡ್ ಟ್ರ್ಯಾಂಟರ್ ಕೋರ್ವ್‌ಸ್ಲಿ ಬಂಗಲೆಗೆ ಕೆಲಸಕ್ಕೆ ಬಂದಾಗ ಅವರಿಗೆ ಹದಿನೈದು ವರ್ಷ. ಬೆಳಿಗ್ಗೆ ಆರಕ್ಕೆ ಎದ್ದು ನಲವತ್ತೆರಡು ಕಿಟಕಿಗಳ ಒಳಬದಿಯ ಕದಗಳನ್ನು ತೆರೆಯುವುದು, ಸಂಜೆ ಅವನ್ನು ಮುಚ್ಚುವುದು ಅವರ ಪಾಲಿನ ಕೆಲಸವಾಗಿತ್ತು. ನಲವತ್ತೆಂಟು ವರ್ಷ ಅದನ್ನು ಮಾಡಿದರು. ಅಲ್ಲಿಯ ಬಡಗಿ ವಿಲ್ಫ್ರೆಡ್ ಟ್ರ್ಯಾಂಟರ್‌ರನ್ನೇ ಮದುವೆಯಾದರು; ಮಕ್ಕಳಾಗಲಿಲ್ಲ. ೧೯೮೨ರ ಮಾರ್ಚ್‌ನಲ್ಲಿ ಪಾರ್ಶ್ವವಾಯು ಬಡಿದು ಬಲಭಾಗ ಬಿದ್ದುಹೋಯಿತು. ಅಡುಗೆಮನೆಯ ಒಲೆಯ ಕಾವು ತಾಗುವ ಕೋಣೆ ಆ ಬಂಗಲೆಯಲ್ಲಿ ಒಂದೇ ಇತ್ತು: ಪಿಂಗಾಣಿ ಸಾಮಾನು ಇಡುತ್ತಿದ್ದ ಹಳೆಯ ಉಗ್ರಾಣ. ಮಂಚವನ್ನು ಅಲ್ಲಿ ಹಾಕಿದರು. ಅದಕ್ಕೆ ಕಿಟಕಿಯಿರಲಿಲ್ಲ.

ಹೊರಗಿನಿಂದ ನೋಡಿದರೆ ಇತ್ತು. ಬಂಗಲೆಯ ಮುಂಬಾಗಿಲಿನ ಬಲಕ್ಕೆ ಮೂರು ಕಿಟಕಿ, ಎಡಕ್ಕೆ ಮೂರು. ಎಡತುದಿಯದು, ಅಂದರೆ ಈ ಕೋಣೆಯದು ಮಾತ್ರ ಕಲ್ಲಿನ ಚೌಕಟ್ಟಿನೊಳಗೆ ಗೋಡೆಯ ಮೇಲೆ ಬರೆದದ್ದು: ಕಪ್ಪು ಬಣ್ಣದ ಗಾಜು, ಬಿಳಿ ಬಣ್ಣದ ಪಟ್ಟಿಗಳು.

ಹಳೆಯ ಕಟ್ಟಡಗಳ ಸಂರಕ್ಷಣೆಯ ಕಚೇರಿಯಲ್ಲಿ ನಾನು ಗುಮಾಸ್ತನಿಗಿಂತ ತುಸು ಮೇಲಿನ ಹುದ್ದೆಯಲ್ಲಿದ್ದೆ. ಆ ಗೋಡೆಯನ್ನು ಒಡೆದು ನಿಜವಾದ ಕಿಟಕಿ ಇಡಲು ವಿಲ್ಫ್ರೆಡ್ ಅನುಮತಿ ಕೋರಿದ ಅರ್ಜಿ ಜುಲೈ ಆರರಂದು ನನ್ನ ಮೇಜಿಗೆ ಬಂತು. ಬಂಗಲೆಯ ಒಡತಿ ಸಂತೋಷದಿಂದಲೇ ಸಹಿ ಹಾಕಿದ್ದರು. ನಾನು ಸ್ಥಳಪರಿಶೀಲನೆಗೆ ಹೋದೆ.

“ಒಂಬತ್ತು ಇಂಚು ಇಟ್ಟಿಗೆ, ಅಷ್ಟೇ ಸಾರ್,” ಎಂದು ವಿಲ್ಫ್ರೆಡ್ ಗೋಡೆಯನ್ನು ತಟ್ಟಿ ತೋರಿಸಿದರು. “ಒಂದು ಬೆಳಗಿನ ಕೆಲಸ.”

“ಅವನ ಒಂದು ಬೆಳಗು ಅಂದ್ರೆ ಹದಿನೈದು ದಿನ, ಬರ್ಕೊಳ್ಳಿ,” ಎಂದರು ಎನಿಡ್ ಮಂಚದಿಂದ. ಮಾತು ತುಸು ತೊದಲುತ್ತಿತ್ತು. “ಅಷ್ಟು ವರ್ಷ ಊರವ್ರಿಗೆಲ್ಲಾ ಕಿಟಕಿ ತೆಗ್ದೆ ಸಾರ್. ನನಗೊಂದು ತೆಗೀಬೇಕು ಅಂದ್ರೆ ಇಷ್ಟೊಂದು ಕಾಗದಾನಾ?”

ನಿಯಮ ಸ್ಪಷ್ಟವಾಗಿತ್ತು. ಹಿಂದೆ ಕಿಟಕಿಗಳ ಮೇಲೆ ತೆರಿಗೆಯಿದ್ದ ಕಾಲದಲ್ಲಿ ತೆರಿಗೆ ಉಳಿಸಲೆಂದು ಮುಚ್ಚಿದ ಕಿಟಕಿಯಾದರೆ ಮತ್ತೆ ತೆರೆಯಬಹುದು. ಮೊದಲಿನಿಂದಲೂ ಕುರುಡಾಗಿಯೇ ಕಟ್ಟಿದ್ದಾದರೆ ಅದು ಮೂಲ ವಿನ್ಯಾಸದ ಅಂಗ, ಮುಟ್ಟುವಂತಿಲ್ಲ. ಅದು ತೆರಿಗೆಯ ಕಿಟಕಿಯಾಗಿರಲಿ ಎಂದು ಹಾರೈಸುತ್ತ ಮೂರು ದಿನ ದಾಖಲೆ ಕೋಣೆಯಲ್ಲಿ ಕುಳಿತೆ. ಮೂರನೆಯ ದಿನ ಮಧ್ಯಾಹ್ನ ೧೮೧೧ರ ನಕ್ಷೆ ಸಿಕ್ಕಿತು. ಎಡತುದಿಯ ಕಿಟಕಿಯ ಪಕ್ಕದಲ್ಲಿ ವಾಸ್ತುಶಿಲ್ಪಿಯ ಕೈಬರಹವಿತ್ತು: ‘ಇದು ಕುರುಡು. ಬಣ್ಣ ಬಳಿಯತಕ್ಕದ್ದು.’ ಬಂಗಲೆಯ ಎರಡು ಭಾಗಗಳೂ ಒಂದರಂತೆ ಇನ್ನೊಂದು ಕಾಣಬೇಕೆಂಬುದು ಆತನ ಹಟ.

ನಕ್ಷೆಯನ್ನು ಸುತ್ತಿ ಪೆಟ್ಟಿಗೆಯಲ್ಲಿ ಮತ್ತೆ ಇಟ್ಟುಬಿಡಬಹುದಿತ್ತು. ಅದರ ಕ್ರಮಸಂಖ್ಯೆಯನ್ನು ಬರೆದುಕೊಂಡೆ, ವರದಿಗೆ ಲಗತ್ತಿಸಿದೆ. ಸಮಿತಿ ಅರ್ಜಿಯನ್ನು ತಿರಸ್ಕರಿಸಿತು.

ಅಕ್ಟೋಬರ್‌ನಲ್ಲಿ ಆದೇಶವನ್ನು ನಾನೇ ಒಯ್ದು ಓದಿ ಹೇಳಿದೆ. ವಿಲ್ಫ್ರೆಡ್ ಟೋಪಿಯನ್ನು ಕೈಯಲ್ಲಿ ಹಿಡಿದು ನಿಂತಿದ್ದರು.

“ಆ ನಕ್ಷೆ ಹುಡುಕ್ದೋರು ಯಾರು ಸಾರ್?”

“ನಾನು.”

ಎನಿಡ್ ಕೇಳಿದರು: “ಮೇಲ್ಮನವಿ ಅಂತ ಏನೋ ಇರತ್ತಲ್ಲ?”

“ಇದೆ. ಆರು ತಿಂಗಳು ಹಿಡಿಯಬಹುದು.”

“ಹಾಗಾದ್ರೆ ಬೇಡ ಬಿಡಿ. ಅಷ್ಟ್ರೊಳಗೆ ಇವ್ರೆಲ್ಲಾ ನನ್ನೇ ಹೊರಗೆ ಹೊತ್ಕೊಂಡು ಹೋಗಿರ್ತಾರೆ.” ನಕ್ಕರು, ಮುಖದ ಎಡಭಾಗ ಮಾತ್ರ ನಕ್ಕಿತು. ಆಮೇಲೆ ಗಂಡನತ್ತ ತಿರುಗಿದರು: “ಟ್ರ್ಯಾಂಟರ್, ಸಾರ್‌ಗೆ ಚಹಾ ಕೊಡು. ಮುಖ ನೋಡು ಅವ್ರದ್ದು, ಅವ್ರದೇ ಅರ್ಜಿ ಬಿದ್ದುಹೋದ ಹಾಗಿದೆ.”

ಅಂದಿನಿಂದ ವಿಲ್ಫ್ರೆಡ್ ಒಂದು ಪದ್ಧತಿ ಹಿಡಿದರು. ದಿನವೂ ಮಧ್ಯಾಹ್ನ ಮೂರಕ್ಕೆ ಹೊರಗೆ ಹೋಗಿ, ಆ ಬಣ್ಣದ ಕಿಟಕಿಗೆ ಬೆನ್ನು ಕೊಟ್ಟು ನಿಂತು, ಅಲ್ಲಿಂದ ಕಾಣುವುದನ್ನೆಲ್ಲ ನೋಡಿ, ಒಳಗೆ ಬಂದು ಹೆಂಡತಿಗೆ ಹೇಳುತ್ತಿದ್ದರು. ನವೆಂಬರ್‌ನಲ್ಲಿ ಒಮ್ಮೆ ನಾನು ಅವರನ್ನು ನೋಡಲು ಹೋಗಿದ್ದಾಗಲೇ ಹೇಳಿದರು.

“ಕೆರೆ ಮೇಲೆ ಹಂಸ ಇದೆ ಕಣೇ, ನಾಲ್ಕು.”

“ನಿನ್ನೆ ಎರಡಿತ್ತು. ಮರಿ ಮಾಡೋ ಕಾಲ ಅಲ್ಲ ಇದು. ನೆಟ್ಟಗೆ ನೋಡ್ಕೊಂಡು ಬಾ ಹೋಗು.”

ಅವರು ಮತ್ತೆ ಹೋದರು. ಬಾಗಿಲು ಮುಚ್ಚಿದ ಮೇಲೆ ಎನಿಡ್ ನನಗೆ ಮೆಲ್ಲಗೆ ಹೇಳಿದರು: “ಹೋಗ್ಬೇಡ ಅಂತ ಹೇಳೋಕಾಗಲ್ಲ ಸಾರ್. ಅವನು ಹೊರಗಿರೋವಷ್ಟು ಹೊತ್ತೂ ನಾನಿಲ್ಲಿ ಒಬ್ಳೇ. ಆದ್ರೆ ಅವನಿಗೆ ಮಾಡೋಕೆ ಬೇರೆ ಏನಿದೆ ಹೇಳಿ.”



ಡಿಸೆಂಬರ್ ಹದಿನೇಳರಂದು ವಿಲ್ಫ್ರೆಡ್ ನೋಡಿಕೊಂಡು ಒಳಗೆ ಬರುವಷ್ಟರಲ್ಲಿ ಎನಿಡ್ ಹೋಗಿಬಿಟ್ಟಿದ್ದರು. ಆದರೂ ಹುಲ್ಲಿನ ಮೇಲೆ ಹಿಮ ಕೂತಿದೆ, ಕುರಿಗಳನ್ನು ಆಚೆಯ ಹೊಲಕ್ಕೆ ಹೊಡೆದಿದ್ದಾರೆ ಎಂದು ಅವಳಿಗೆ ಪೂರ್ತಿ ಹೇಳಿದೆ ಎಂದು ಅವರು ಆಮೇಲೆ ನನಗೆ ತಿಳಿಸಿದರು.