ಅಕ್ಕನ ಮನೆಯ ಹವಾ

ನಿನ್ನ ಮಗಳು ಅಕ್ಕನ ಮನೆಯಲ್ಲಿ ಸುಖವಾಗಿದ್ದಾಳೆ ಎಂದು ಯಾರಾದರೂ ಹೇಳಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಸುಖವಾಗಿರಲಿ ಎಂದೇ ಕಳಿಸಿದ್ದೆ, ಸುಳ್ಳಲ್ಲ. ಆದರೆ ಅಷ್ಟೊಂದು ಸುಖವೇ?

ನಾವಿರುವುದು ಕಲ್ಲಿದ್ದಲು ಸುಟ್ಟು ಕರೆಂಟ್ ತಯಾರಿಸುವ ಸ್ಥಾವರದ ಕ್ವಾರ್ಟರ್ಸಿನಲ್ಲಿ. ಗಂಡನಿಗೆ ಅಲ್ಲೇ ನೌಕರಿ. ಗಾಳಿ ನಮ್ಮ ಕಡೆ ತಿರುಗಿತೆಂದರೆ ಕಿಟಕಿ, ಹಾಸಿಗೆ, ಅನ್ನದ ಪಾತ್ರೆ, ಎಲ್ಲದರ ಮೇಲೂ ಬೂದಿ. ನಮ್ಮ ಸಾಲಿನಲ್ಲಿ ಕೆಮ್ಮದ ಮನೆಯಿಲ್ಲ. ದವಾಖಾನೆಗೆ ಹೋದರೆ ಬೆಂಚಿನ ತುಂಬ ಮಕ್ಕಳು. ಮಗಳಿಗೆ ಉಸಿರು ಕಟ್ಟಿ ತುಟಿ ನೀಲಿಯಾದ ದಿನ ಡಾಕ್ಟರು ಬಾಯಿಗಿಟ್ಟು ಎಳೆದುಕೊಳ್ಳುವ ದಮ್ಮಿನ ಪಂಪ್ ಕೊಟ್ಟು, "ಈ ಹವಾದಾಗ ಇಡಬ್ಯಾಡ್ರಿ, ಬ್ಯಾರೆ ಕಡಿ ಕಳಸ್ರಿ" ಎಂದರು. ದಸರೆ ಮುಗಿಯುತ್ತಲೇ ಬಸವಕಲ್ಯಾಣಕ್ಕೆ ಕರೆದೊಯ್ದು ಅಕ್ಕನ ಮನೆಯಲ್ಲಿ ಬಿಟ್ಟೆ. ಅಕ್ಕನಿಗೆ ಮಕ್ಕಳಿಲ್ಲ.

ಬೇಸಿಗೆಗೆ ಮಗಳನ್ನು ವಾಪಸ್ ಕರೆತರಲೇಬೇಕೆಂದು ಹೊರಟೆ. ಹುಮನಾಬಾದಿನಲ್ಲಿ ಬಸ್ಸು ಬದಲಿಸಿ ಅಕ್ಕನ ಮನೆ ಸೇರಿದಾಗ ಮಗಳು ಮಾಳಿಗೆಯ ಮೇಲೆ, ಸಂಡಿಗೆಗೆ ಬಂದ ಕಾಗೆಗಳ ಹಿಂದೆ ಓಡುತ್ತಿದ್ದಳು. ಓಡುತ್ತಿದ್ದಳು! ನಮ್ಮಲ್ಲಿ ನಾಲ್ಕು ಮೆಟ್ಟಿಲು ಹತ್ತಿದರೆ ಗೋಡೆ ಹಿಡಿದು ನಿಲ್ಲುವ ಹುಡುಗಿ. ದೇವರಿಗೆ ಕೈಮುಗಿಯಬೇಕಿತ್ತು ನಾನು. ಅದರ ಬದಲು, ಓಡುತ್ತಿರುವುದು ಅಕ್ಕನ ಮಾಳಿಗೆಯ ಮೇಲೆ ಎಂದು ಹೊಟ್ಟೆಕಿಚ್ಚುಪಟ್ಟೆ. ನನ್ನನ್ನು ಕಂಡವಳೇ, "ದೊಡ್ಡವ್ವಾ, ಅವ್ವ ಬಂದಾಳ ನೋಡು" ಎಂದು ಕೂಗಿದ್ದು ಅಕ್ಕನನ್ನು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಸಾಕಿದವರಿಗೂ ಮುದ್ದಾಗಿಬಿಟ್ಟರೆ ಹೆತ್ತವಳ ಗತಿಯೇನು?

ಊಟಕ್ಕೆ ಕುಳಿತಾಗ ಅಕ್ಕ ತೊಳೆದ ತಾಟು ಇಟ್ಟಳು. ನಾನು ಅದನ್ನು ಸೆರಗಿನಿಂದ ಒರೆಸಿ, ರೊಟ್ಟಿಯನ್ನೂ ಒಮ್ಮೆ ಕೊಡವಿದೆ. ಅಕ್ಕನ ಮುಖ ಕೆಂಪಾಯಿತು.

"ನನ್ನ ತಾಟ ಹೊಲಸ ಅದ ಏನ?"

"ಸಿಟ್ಟಾಗಬ್ಯಾಡ ದೊಡ್ಡವ್ವಾ. ಅಲ್ಲಿ ಎಲ್ಲಾರೂ ಹಂಗೇ ಒರಸ್ತಾರ. ಬೂದಿ ಬೀಳತದಲಾ" ಎಂದಳು ಮಗಳು.

ನನ್ನ ಮಗಳು ನನ್ನ ವಕೀಲಿ ಮಾಡುತ್ತಿದ್ದಾಳೆ, ಅದೂ ಅಕ್ಕನ ತೊಡೆಗೆ ಒರಗಿಕೊಂಡು! ಅಕ್ಕ ಮೆತ್ತಗಾದಳು.

"ಹಂಗಿದ್ರ ಆಕಿನ್ನ ಯಾಕ ಒಯ್ತಿ? ಇಲ್ಲೇ ಸಾಲಿಗಿ ಹಾಕ್ತೀನಿ. ಇಲ್ಲೇ ಬೆಳೀಲಿ."

"ಹೆತ್ತಾಕಿ ನಾನು. ನಿನಗ ಮಗಳು ಬೇಕಾಗ್ಯಾಳ, ಅದಕ್ಕ ಹವಾದ ಮಾತ ಆಡಾಕತ್ತಿ" ಎಂದುಬಿಟ್ಟೆ.

ಅಕ್ಕ ಎದ್ದು ಮಗಳ ಬಟ್ಟೆ ಮಡಚಿ ಚೀಲಕ್ಕೆ ತುಂಬಿ ಕೊಟ್ಟಳು. ಬಸ್ ನಿಲ್ದಾಣದವರೆಗೂ ಬರಲಿಲ್ಲ. ಬರದಿದ್ದರೆ ಅಷ್ಟೇ ಹೋಯಿತು, ನನ್ನ ಮಗಳು ನನ್ನ ಕೈಯಲ್ಲಿದ್ದಳಲ್ಲ.

ಹುಮನಾಬಾದಿನಲ್ಲಿ ನಮ್ಮೂರ ಬಸ್ಸು ತಯಾರಾಗಿ ನಿಂತಿತ್ತು. ಹತ್ತಿ ಅವಳನ್ನು ಕಿಟಕಿಯ ಪಕ್ಕ ಕೂರಿಸಿದೆ. ಅಳಲಿಲ್ಲ, ಹಠ ಮಾಡಲಿಲ್ಲ. ಗೆದ್ದೆ ಎಂದುಕೊಂಡೆ. ಅಷ್ಟರಲ್ಲಿ ಅವಳು ನನ್ನ ಬ್ಯಾಗು ತೆರೆದು ಒಳಗೆ ಕೈಯಾಡಿಸತೊಡಗಿದಳು.

"ಏನ ಹುಡಕಾಕತ್ತಿ?"

"ನನ್ನ ದಮ್ಮಿನ ಪಂಪ್ ತಂದೀಯೋ ಇಲ್ಲೋ ಅಂತ ನೋಡಾಕತ್ತೀನಿ. ಇನ್ನ ಮತ್ತ ಬೇಕಾಗತದಲಾ, ಅವ್ವಾ."

ಬಿಸ್ಕತ್ತು ತಂದಿದ್ದೀಯಾ ಎಂದು ಕೇಳುವಷ್ಟೇ ಸಹಜವಾಗಿ ಹೇಳಿದಳು. ಚೀಲ ಎತ್ತಿಕೊಂಡು, ಅವಳ ರಟ್ಟೆ ಹಿಡಿದು ಇಳಿದುಬಿಟ್ಟೆ. "ಯಾಕ್ರಿ ಅಕ್ಕಾ, ಏನರ ಮರತ್ರಿ?" ಎಂದು ಕಂಡಕ್ಟರ್ ಹಿಂದಿನಿಂದ ಕೂಗಿದ.

ಬಸವಕಲ್ಯಾಣದ ಬಸ್ಸು ಹತ್ತಿ ಅಕ್ಕನಿಗೆ ಫೋನ್ ಹಚ್ಚಿದೆ. ಹಲೋ ಎಂದ ದನಿಯಲ್ಲೇ ಅವಳು ಅತ್ತದ್ದು ತಿಳಿಯುತ್ತಿತ್ತು. ಅದಕ್ಕೂ ನನಗೆ ಹೊಟ್ಟೆಕಿಚ್ಚು. ಅವಳ ಅಳು ಮುಗಿದಿತ್ತು, ನನ್ನದು ಇನ್ನೂ ಬಾಕಿಯಿತ್ತು.

"ಬಾಗಲಾ ತೆರದಿಡು" ಎಂದೆ. "ನಿನ್ನ ಮಗಳು ಬರಾಕತ್ತಾಳ."