ಪಿಂಚಣಿ ಬೇಡವೆಂದ ಬಸಣ್ಣ

ಮಕ್ಕಳೇ, ನೆಂಟರೇ, ಬೆಳಗಿನಿಂದ ಮನಸ್ಸು ನಿಲ್ಲುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಇವತ್ತು ಗುಮ್ಮಘಟ್ಟದಲ್ಲಿ ಪಿಂಚಣಿ ಹಂಚುವ ಹುಡುಗಿ ನಮ್ಮ ಪಕ್ಕದ ಮನೆಗೆ ಬಂದಳು. ಹಣ ಕೊಡುವ ಮೊದಲು ಅವಳು ಚಾಚಿದ ಬೆರಳಚ್ಚಿನ ಯಂತ್ರದ ಮೇಲೆ, ಒಂದು ಕಾಲು ಕಳೆದುಕೊಂಡ ಬಸಣ್ಣ ಹೆಬ್ಬೆರಳು ಒತ್ತಲೇ ಇಲ್ಲ.

“ನನ್ನ ಹೆಸ್ರು ತೆಗೆದ್ಬಿಡ್ರಿ ಮೇಡಂ. ರೊಕ್ಕ ಕೈಗೆ ಬಂದ್ರ ಇರೋ ಒಂದು ಕಾಲೂ ಇಸ್ಪೀಟಿನ ಕಟ್ಟೀಗೆ ಓಡ್ತೈತಿ.”

“ಸರಿಯಾಗಿ ಅಂದ್ಯಪ್ಪ” ಎಂದೆ ನಾನು.

ಅವನ ಹೆಂಡತಿ ಗಂಗಮ್ಮ ನನ್ನ ಕಡೆ ತಿರುಗಿದಳು. “ನೀವು ಸುಮ್ನಿರ್ರಿ ಮಾವಾ! ಆಡಾದು ಆತ, ಉಪಾಸ ಬೀಳಾದು ನಾನು, ನನ್ನ ಮಕ್ಳು!”

ಅವನ ಕೈ ಎಳೆದು ಯಂತ್ರದ ಮೇಲೆ ಒತ್ತಿಸಿದಳು. ಹಣವನ್ನು ಸೆರಗಿಗೆ ಗಂಟು ಹಾಕಿಕೊಂಡಳು.

ಬಸಣ್ಣ ಬದುಕಿನಲ್ಲಿ ಆಡಿದ ಒಂದೇ ಬುದ್ಧಿಯ ಮಾತು ನಡೆಯಲಿಲ್ಲ. ಈಗ ಅವನು ಜಗಲಿಯಲ್ಲಿ ಕೂತು ಆ ಗಂಟನ್ನೇ ನೋಡುತ್ತಿದ್ದಾನೆ. ಅವನು ಅದಕ್ಕೆ ಕೈ ಹಾಕದಂತೆ ನಾನು ಊಟ ಬಿಟ್ಟು ಕಾವಲು ಕೂತಿದ್ದೇನೆ.