ಲಾವಂಚದ ಗುಂಡಿ

ಹಗರೆಯಲ್ಲಿ ಹಳೇಬೀಡಿನ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಹೊಲದಲ್ಲಿ ಬೋರಣ್ಣ, ಅವರ ಹೆಂಡತಿ ನಿಂಗಮ್ಮ ಲಾವಂಚದ ಬೇರು ಅಗೆಯುತ್ತಿದ್ದರು. ಕುಡಿಯುವ ನೀರಿಗೆ ಹಾಕುವ ಆ ಘಮಘಮಿಸುವ ಬೇರು ಗೇಣುದ್ದವಿರಬಹುದು ಎಂದುಕೊಂಡು ಹತ್ತಿರ ಹೋದರೆ, ಗುಂಡಿಯೊಳಗೆ ನಿಂಗಮ್ಮನ ತಲೆ ಮಾತ್ರ ಕಂಡಿತು.

ಅಷ್ಟರಲ್ಲಿ ಒಂದು ಬದಿಯ ಮಣ್ಣು ಕುಸಿದು ಆಕೆ ಎದೆಮಟ್ಟ ಹೂತುಹೋದರು. ಬೋರಣ್ಣನೂ ನಾನೂ ಬರಿಗೈಯಲ್ಲೇ ಮಣ್ಣು ಬಗೆದೆವು. ಆಕೆಯ ನೆತ್ತಿಯ ಮೇಲೆ ಇನ್ನೊಂದು ದೊಡ್ಡ ಮಣ್ಣಿನ ಹೆಂಟೆ ವಾಲಿಕೊಂಡಿತ್ತು. ಕೂದಲಿನಂಥ ಬೇರುಗಳೇ ಅದನ್ನು ಬೀಳದಂತೆ ಹಿಡಿದಿದ್ದವು.

ಮೇಲೆ ಬಂದ ನಿಂಗಮ್ಮ ಆ ಹೆಂಟೆಯನ್ನೇ ನೋಡಿದರು.

“ಬೇರು ಹಿಡ್ಕೊಂಡೈತೆ ಕಣ್ರೀ, ಇಲ್ದಿದ್ರೆ ನಾನು ಒಳಗೇ ಹೋಗ್ತಿದ್ದೆ” ಎಂದರು ನನಗೆ. ಆಮೇಲೆ ಗಂಡನತ್ತ ತಿರುಗಿ, “ಆ ಬುಡ ಕೀಳ್ಬ್ಯಾಡಿ” ಎಂದರು.

ಬೋರಣ್ಣ ಗುಂಡಿಗೆ ಮಣ್ಣು ಎಳೆಯತೊಡಗಿದರು.